ಸಿಲೋವದ ಬುರುಜು, ಕಿಲ್ಲಾರಿಯ ಗೋಡೆ

ವರ್ಷಿಪ್ ಟೀಮ್‌ನವರು ಕೂತ್ಕೊಳ್ಳಿ, ನೀರು ಕುಡಿಯಿರಿ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಈ ಕಡೆ ಕುರ್ಚಿ ಖಾಲಿ ಇದೆ.

ಬೈಬಲ್ ತೆರೆಯೋಣ. ಲೂಕನ ಸುವಾರ್ತೆ 13ನೇ ಅಧ್ಯಾಯ, 1ರಿಂದ 5ನೇ ವಚನದ ತನಕ. ಮೊಬೈಲ್‌ನಲ್ಲಿ ಓದೋರು ಓದಿ, ಪರವಾಗಿಲ್ಲ. ನೋಟಿಫಿಕೇಶನ್ ಮಾತ್ರ ಆಫ್ ಮಾಡಿ.

(ವಾಕ್ಯವನ್ನು ಎಲ್ಲರೂ ಸೇರಿ ಓದಿದರು.)

ಈ ಭಾಗ ಯಾಕೆ ತಗೊಂಡೆ ಅಂತ ಮೊದಲೇ ಹೇಳಿಬಿಡ್ತೀನಿ. ಹೋದ ವಾರ ನಮ್ಮ ಯೂತ್ ಗ್ರೂಪ್‌ಗೆ ಒಂದು ಮೆಸೇಜ್ ಬಂತು. ಎಲ್ಲಿಂದಲೋ ಫಾರ್ವರ್ಡ್ ಆಗಿ ಬಂದದ್ದು. 1993ರಲ್ಲಿ ಮಹಾರಾಷ್ಟ್ರದ ಲಾತೂರ್ ಕಡೆ ದೊಡ್ಡ ಭೂಕಂಪ ಆಯ್ತು, ಅದು ಗಣೇಶ ವಿಸರ್ಜನೆಯ ರಾತ್ರಿಯೇ ಆಯ್ತು, ಹಾಗಾಗಿ ಅದು ದೇವರ ನ್ಯಾಯತೀರ್ಪು ಅಂತ ಅದರಲ್ಲಿ ಇತ್ತು. ಕೆಳಗೆ ನಮ್ಮವರೇ ಕೆಲವರು 'ಆಮೆನ್' ಹಾಕಿದ್ರು. ಒಬ್ಬ ತಂಗಿ ಮಾತ್ರ ನನಗೆ ಪ್ರತ್ಯೇಕವಾಗಿ ಬರೆದಳು: 'ಪಾಸ್ಟರ್, ನಮ್ಮಜ್ಜಿಯ ತವರು ಆ ಕಡೆ. ಆ ರಾತ್ರಿ ಅವರ ಕಡೆಯವರು ತೀರಿಕೊಂಡಿದ್ದಾರೆ. ನಮ್ಮ ಮನೆಯಲ್ಲಿ ನನ್ನ ಬಿಟ್ಟು ಯಾರೂ ಇನ್ನೂ ಯೇಸುವನ್ನು ಅರಿತಿಲ್ಲ. ಇದು ನಿಜ ಅಂದ್ರೆ ನಾನು ಅಜ್ಜಿಗೆ ಯಾವ ಸುವಾರ್ತೆ ಹೇಳಲಿ?'

ಈ ಪ್ರಶ್ನೆ ಇಟ್ಕೊಂಡು ನಾನು ಇಡೀ ವಾರ ಮೊಣಕಾಲೂರಿದ್ದೀನಿ. ಇವತ್ತಿನ ಸಂದೇಶ ಅದರದ್ದೇ.

ಮೊದಲು ಏನು ನಡೆಯಿತು ಅಂತ ತಿಳ್ಕೊಳ್ಳೋಣ, ಯಾಕಂದ್ರೆ ನಿಮ್ಮಲ್ಲಿ ಬಹಳ ಜನ ಆಗ ಹುಟ್ಟೇ ಇರಲಿಲ್ಲ. 1993ರ ಸೆಪ್ಟೆಂಬರ್ 29, ಅನಂತ ಚತುರ್ದಶಿ. ಊರೂರಲ್ಲಿ ಗಣಪತಿ ಕಳಿಸಿ, ಜನ ತಡವಾಗಿ ಮನೆಗೆ ಬಂದು ಮಲಗಿದ್ರು. 30ನೇ ತಾರೀಕು ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಲಾತೂರ್ ಜಿಲ್ಲೆಯ ಕಿಲ್ಲಾರಿ ಹತ್ತಿರ ನೆಲ ಅಲುಗಾಡಿತು. ತೀವ್ರತೆ 6.2. ಜಪಾನ್‌ನಂಥ ದೇಶದಲ್ಲಿ ಈ ಪ್ರಮಾಣದ ಭೂಕಂಪಕ್ಕೆ ಇಷ್ಟು ಸಾವು ಯಾರೂ ಊಹಿಸಲ್ಲ. ಇಲ್ಲಿ ಸತ್ತವರ ಸಂಖ್ಯೆ ಅಂತ ಸಾಮಾನ್ಯವಾಗಿ ಕೊಡುವ ಲೆಕ್ಕ 9,748. ಲಾತೂರ್, ಉಸ್ಮಾನಾಬಾದ್ ಈ ಎರಡು ಜಿಲ್ಲೆಗಳಿಗೆ ಹೆಚ್ಚು ಪೆಟ್ಟು ಬಿತ್ತು. ಆಮೇಲೆ 52 ಹಳ್ಳಿಗಳನ್ನು ಹಳೇ ಜಾಗ ಬಿಟ್ಟು ಬೇರೆ ಕಡೆ ಹೊಸದಾಗಿ ಕಟ್ಟಬೇಕಾಯಿತು.

ಕಲಬುರಗಿ, ಬೀದರ್ ಕಡೆಯವರು ಯಾರಾದ್ರೂ ಇದ್ದೀರಾ? ಕೈ ಎತ್ತಿ. ಹಾಂ, ನಿಮ್ಮ ಮನೆಯಲ್ಲಿ ಹಿರಿಯರನ್ನು ಕೇಳಿ, ಹೇಳ್ತಾರೆ. ನಮ್ಮೂರು ಆಳಂದ ಕಡೆ. ನಾನಾಗ ತೀರಾ ಚಿಕ್ಕವನು, ನನಗೆ ಏನೂ ನೆನಪಿಲ್ಲ. ನಮ್ಮವ್ವ ಹೇಳ್ತಾಳೆ, 'ಭೂಮಿ ಒಳಗ ರೈಲು ಹ್ವಾದಂಗ ಸಪ್ಪಳ ಬಂತು. ಗೂಡಿನ್ಯಾಗಿನ ತಾಟು, ಚರಗಿ ಎಲ್ಲಾ ತಾವಾಗೇ ಬಡಕೊಂಡ್ವು. ನಿನ್ನ ಕಂಕುಳಾಗ ಅವುಚಿಕೊಂಡು ಅಂಗಳಕ್ಕ ಓಡಿದ್ನಿ' ಅಂತ. ಆಮೇಲೆ ಎಷ್ಟೋ ದಿನ ಓಣಿಯವರೆಲ್ಲ ಅಂಗಳದಲ್ಲೇ ಮಲಗ್ತಿದ್ರಂತೆ. ಆ ಸೀಮೆಯಲ್ಲಿ ಗಡಿ ಅನ್ನೋದು ನಕ್ಷೆಯಲ್ಲಿ ಮಾತ್ರ. ಹೆಣ್ಣು ಕೊಡೋದು, ತರೋದು, ಸಂತೆ, ಜಾತ್ರೆ ಎಲ್ಲ ಎರಡೂ ಕಡೆ. ಉಮರ್ಗಾದಲ್ಲಿ ಸಾವಾದ್ರೆ ಆಳಂದದಲ್ಲಿ ಅಳ್ತಾರೆ. ಅದಕ್ಕೇ ಆ ಮೆಸೇಜ್ ಓದಿದಾಗ ನನಗೆ ಅದು ಯಾರದೋ ದೂರದ ಊರಿನ ಸುದ್ದಿ ಅಂತ ಅನ್ನಿಸಲಿಲ್ಲ.

ಈಗ ವಾಕ್ಯಕ್ಕೆ ಬರೋಣ. ಯೇಸುವಿನ ಹತ್ತಿರ ಕೆಲವರು ಒಂದು ಸುದ್ದಿ ತಂದರು. ಗಲಿಲಾಯದವರು ಬಲಿ ಅರ್ಪಿಸುತ್ತಿದ್ದಾಗಲೇ ಪಿಲಾತ ಅವರನ್ನು ಕೊಲ್ಲಿಸಿದ ಅಂತ. ಸುದ್ದಿ ತಂದವರ ಮನಸ್ಸಲ್ಲಿ ಏನಿತ್ತು ಅಂತ ಕರ್ತನಿಗೆ ಗೊತ್ತು. 'ಅವರು ಹಾಗೆ ಸತ್ತರು ಅಂದ್ರೆ ಏನೋ ಮಾಡಿರಬೇಕು' ಅನ್ನೋದು. ಆಗ ಯೇಸು ತಾನಾಗಿಯೇ ಎರಡನೇ ಸುದ್ದಿ ಎತ್ತುತ್ತಾನೆ. ಅದನ್ನು ಯಾರೂ ಕೇಳಿರಲಿಲ್ಲ, ಗಮನಿಸಿ. ಸಿಲೋವದಲ್ಲಿ ಒಂದು ಬುರುಜು ಬಿದ್ದು 18 ಮಂದಿ ಸತ್ತಿದ್ರಲ್ಲ, ಅವರು ಯೆರೂಸಲೇಮಿನ ಬೇರೆಲ್ಲರಿಗಿಂತ ದೊಡ್ಡ ಅಪರಾಧಿಗಳು ಅಂತ ನಿಮ್ಮ ಲೆಕ್ಕವೋ ಅಂತ ಕೇಳ್ತಾನೆ. ಕೇಳಿ ತಾನೇ ಉತ್ತರ ಕೊಡ್ತಾನೆ: ಅಲ್ಲ.

ಪ್ರಿಯರೇ, ಆ 'ಅಲ್ಲ' ಅನ್ನೋದಕ್ಕೆ ಅಂಡರ್‌ಲೈನ್ ಹಾಕಿ. ಎರಡು ಸಲ ಬರುತ್ತೆ, ಎರಡಕ್ಕೂ ಹಾಕಿ. ಗ್ರೂಪಿಗೆ ಬಂದ ಆ ಮೆಸೇಜ್‌ಗೆ ನನ್ನ ಉತ್ತರ ಬೇಕಾಗಿಲ್ಲ, ಕರ್ತನೇ ಕೊಟ್ಟಾಗಿದೆ. ಸತ್ತವರ ಪಾಪವನ್ನು ಗೋಡೆಯ ಕಲ್ಲಿನಿಂದ ತೂಗುವ ಹಕ್ಕು ಆತ ನಮಗೆ ಕೊಡಲಿಲ್ಲ.

ಇನ್ನೊಂದು ವಿಷಯ ಇದೆ, ಬೈಬಲ್ ಕಾಲೇಜಲ್ಲಿ ಓದುವಾಗ ನನಗೆ ಬಹಳ ಹಿಡಿಸಿದ್ದು. ಸಿಲೋವ ಅನ್ನೋ ಹೆಸರು ಯೋಹಾನ 9ರಲ್ಲೂ ಬರುತ್ತೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಇದೇ ಪ್ರಶ್ನೆ. ಯಾರ ಪಾಪ, ಇವನದ್ದೋ ಇವನ ಹೆತ್ತವರದ್ದೋ? ಅಲ್ಲೂ ಯೇಸು ಆ ಲೆಕ್ಕವನ್ನು ಒಪ್ಪಲಿಲ್ಲ. ಮಣ್ಣು ಕಲಸಿ ಕಣ್ಣಿಗೆ ಹಚ್ಚಿ, ಹೋಗಿ ತೊಳ್ಕೋ ಅಂತ ಕಳಿಸಿದ. ಎಲ್ಲಿಗೆ? ಸಿಲೋವದ ಕೊಳಕ್ಕೆ. ಬುರುಜು ಬಿದ್ದು ಜನ ಸತ್ತ ಅದೇ ಸಿಲೋವದಲ್ಲಿ ಒಬ್ಬನಿಗೆ ಕಣ್ಣು ಬಂತು. ಹಲ್ಲೆಲೂಯಾ!

'ಪಾಸ್ಟರ್, ಆದರೆ ಆ ರಾತ್ರಿಯೇ ಯಾಕೆ ಆಯ್ತು?' ಅಂತ ಒಬ್ಬ ತಮ್ಮ ನನ್ನ ಹತ್ತಿರ ವಾದ ಮಾಡಿದ. ಸರಿ, ಹಬ್ಬದ ದಿನ ನೋಡಿ ತೀರ್ಪು ಹೇಳೋದಾದ್ರೆ ನಾನೊಂದು ದಿನ ಹೇಳ್ತೀನಿ. 1755ರ ನವೆಂಬರ್ 1. ಪೋರ್ಚುಗಲ್ ದೇಶದ ಲಿಸ್ಬನ್ ನಗರ. ಅವತ್ತು ಸಕಲ ಸಂತರ ಹಬ್ಬ, ಬೆಳಗಿನ ಆರಾಧನೆಗೆ ಚರ್ಚುಗಳು ತುಂಬಿದ್ವು. ಭೂಕಂಪ ಆಯ್ತು. ಚರ್ಚುಗಳು ಆರಾಧಿಸುತ್ತಿದ್ದವರ ಮೇಲೆಯೇ ಕುಸಿದವು, ಆಮೇಲೆ ಬೆಂಕಿ, ಆಮೇಲೆ ಸಮುದ್ರ ಉಕ್ಕಿ ಬಂತು. ಹತ್ತಾರು ಸಾವಿರ ಜನ ಸತ್ತರು. ಈಗ ಏನು ಹೇಳ್ತೀಯಪ್ಪಾ? ವಿಸರ್ಜನೆಯ ರಾತ್ರಿ ಗೋಡೆ ಬಿದ್ರೆ ತೀರ್ಪು, ಆರಾಧನೆಯ ಹೊತ್ತಲ್ಲಿ ಬಿದ್ರೆ ಪರೀಕ್ಷೆ ಅಂತೀಯಾ? ಈ ತಕ್ಕಡಿ ಯಾರದು? ಯೋಬನ ಸ್ನೇಹಿತರದ್ದು. ಯೋಬನ ಮಕ್ಕಳ ಮೇಲೂ ಮನೆಯೇ ಬಿದ್ದದ್ದು, ನೆನಪಿದೆಯಾ? ಆ ಸ್ನೇಹಿತರು ಅಧ್ಯಾಯಗಟ್ಟಲೆ ಕಾರಣ ಹೇಳಿದ್ರು. ಕೊನೆಗೆ ದೇವರು ಕೋಪ ಮಾಡಿಕೊಂಡದ್ದು ಅವರ ಮೇಲೆ.

'ಹಾಗಾದ್ರೆ ಆಮೋಸ?' ಅಂತ ನೀವು ಕೇಳಬಹುದು, ಬೈಬಲ್ ಚೆನ್ನಾಗಿ ಓದಿರೋರು ಕೇಳೇ ಕೇಳ್ತೀರಿ. ಹೌದು, ಆಮೋಸ 1:1ರಲ್ಲಿ ಒಂದು ಭೂಕಂಪ ಇದೆ, ಅರಸ ಉಜ್ಜೀಯನ ಕಾಲದ್ದು. ನೂರಾರು ವರ್ಷ ಆದ ಮೇಲೂ ಜೆಕರ್ಯ 14ರಲ್ಲಿ ಜನ ಓಡಿದ್ದನ್ನು ನೆನಪು ಮಾಡ್ತಾರೆ, ಅಷ್ಟು ದೊಡ್ಡದು. ಆದರೆ ಆಮೋಸ ಮಾತಾಡಿದ್ದು ಭೂಕಂಪಕ್ಕೆ ಎರಡು ವರ್ಷ ಮುಂಚೆ. ಅದೂ ತನ್ನದೇ ದೇವರ ಜನರಿಗೆ, ಬಡವನನ್ನು ಒಂದು ಜೊತೆ ಕೆರಕ್ಕೆ ಮಾರುತ್ತಿದ್ದವರಿಗೆ. ಪ್ರವಾದಿ ಮುಂಚೆ ಬಂದು ಅತ್ತು ಬೇಡಿಕೊಳ್ತಾನೆ. ಎಲ್ಲ ಮುಗಿದ ಮೇಲೆ ಪಕ್ಕದ ಊರಿನ ಹೆಣಗಳ ಮುಂದೆ ನಿಂತು ಬೆರಳು ತೋರಿಸೋದು ಪ್ರವಾದನೆ ಅಲ್ಲ. ಅದಕ್ಕೆ ಪವಿತ್ರಾತ್ಮನ ಅಗತ್ಯವೇ ಇಲ್ಲ, ಡೇಟಾ ಪ್ಯಾಕ್ ಸಾಕು.

ಆ ತಂಗಿಗೆ ನಾನು ಬರೆದದ್ದು ಇಷ್ಟು: 'ಆ ಮೆಸೇಜನ್ನು ಅಜ್ಜಿಗೆ ತೋರಿಸಬೇಡಮ್ಮ. ಫೋನ್ ಮಾಡು. ಆ ರಾತ್ರಿ ಯಾರು ಯಾರು ಹೋದರು, ಅವರ ಹೆಸರೇನು, ಅಜ್ಜಿಗೆ ಏನಾಗಬೇಕು ಅಂತ ಕೇಳು. ಹೇಳೋತನಕ ಕೇಳಿಸ್ಕೋ. ಯೇಸು ಲಾಜರನ ಸಮಾಧಿ ಹತ್ತಿರ ಪ್ರಸಂಗ ಶುರು ಮಾಡಲಿಲ್ಲ, ಅತ್ತ.' ಅವಳು ಮಾಡಿದಳು. ಒಂದು ಗಂಟೆ ಮಾತಾಡಿದ್ರಂತೆ. ಅವಳ ಅನುಮತಿ ತಗೊಂಡೇ ಇಷ್ಟು ಹೇಳ್ತಿದ್ದೀನಿ, ಮುಂದಿನದು ಅವರ ಮನೆಯ ವಿಷಯ.

ಆದರೆ ಲೂಕ 13 ಅಲ್ಲಿಗೇ ಮುಗಿಯಲ್ಲ. ಯೇಸು 'ಅಲ್ಲ' ಅಂದ ಮೇಲೆ ತಿರುಗಿ ಕೇಳುವವರ ಮುಖ ನೋಡ್ತಾನೆ. ನೀವು ಮಾನಸಾಂತರ ಹೊಂದದೆ ಹೋದರೆ ನಿಮಗೂ ನಾಶನ ಕಾದಿದೆ ಅಂತ ಹೇಳ್ತಾನೆ. ಪ್ರಶ್ನೆ ಸತ್ತವರಿಂದ ಎದ್ದು ಬಂದು ಬದುಕಿರೋ ನಮ್ಮ ಮುಂದೆ ಕೂತ್ಕೊಳ್ಳುತ್ತೆ. 'ಅವರೇನು ಮಾಡಿದ್ರು' ಅನ್ನೋದು ಕ್ಯಾನ್ಸಲ್. 'ನೀನೇನು ಮಾಡ್ತಿದ್ದೀಯ' ಅನ್ನೋದು ಶುರು.

ಇಲ್ಲಿ ಕಿಲ್ಲಾರಿ ನಮಗೆ ಬಹಳ ಕಲಿಸುತ್ತೆ, ಸ್ವಲ್ಪ ನಿಧಾನವಾಗಿ ನೋಡೋಣ.

ಭೂಕಂಪ ಅಂದ್ರೆ ನಮಗೆ ಹಿಮಾಲಯ, ಅಸ್ಸಾಂ, ಕಛ್ ನೆನಪಾಗುತ್ತೆ. ದಖ್ಖನ್ ಅಂದ್ರೆ ಗಟ್ಟಿ ನೆಲ. ಕೆಳಗೆಲ್ಲ ಕಪ್ಪು ಕಲ್ಲು, ಲಾವಾ ಹರಿದು ಗಟ್ಟಿಯಾದದ್ದು. ಆರೂವರೆ ಕೋಟಿ ವರ್ಷದ ಹಿಂದಿನದು ಅಂತ ವಿಜ್ಞಾನಿಗಳು ಹೇಳ್ತಾರೆ. ಆ ವರ್ಷದ ಲೆಕ್ಕದ ಚರ್ಚೆ ಕೆಲವರಿಗೆ ಇಷ್ಟ ಅಂತ ಗೊತ್ತು, ಇವತ್ತು ಬೇಡ. ವಿಷಯ ಏನಂದ್ರೆ, ಆಗ ಭಾರತದ ಭೂಕಂಪ ನಕ್ಷೆಯಲ್ಲಿ ಐದು ವಲಯ ಇದ್ವು. ಅದರಲ್ಲಿ ಕಿಲ್ಲಾರಿ ಸೀಮೆ ಇದ್ದದ್ದು ವಲಯ 1ರಲ್ಲಿ, ಅಂದ್ರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಪಟ್ಟಿಯಲ್ಲಿ. 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ ಭೂಕಂಪ ಆದಾಗಲೇ ಪರ್ಯಾಯ ದ್ವೀಪ ಅಲುಗಲ್ಲ ಅನ್ನೋ ನಂಬಿಕೆಗೆ ಒಂದು ಪೆಟ್ಟು ಬಿದ್ದಿತ್ತು. ಆದರೆ ಅಲ್ಲಿ ದೊಡ್ಡ ಅಣೆಕಟ್ಟು ಇತ್ತು, ನೀರಿನ ಭಾರದಿಂದ ಅಂತ ಹೇಳೋಕೆ ಕಾರಣ ಸಿಕ್ಕಿತು. ಕಿಲ್ಲಾರಿಯಲ್ಲಿ ಅಂಥ ದೊಡ್ಡ ಅಣೆಕಟ್ಟೂ ಇರಲಿಲ್ಲ.

ಒಳಗೆ ಏನು ನಡೀತಿತ್ತು? ನಾವು ನಿಂತಿರೋ ಈ ಭಾರತದ ಶಿಲಾಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರೀತಾ ಇದೆ. ಅಲ್ಲಿ ಏಷ್ಯಾ ಅದನ್ನು ತಡೀತಿದೆ. ಆ ಒತ್ತಡ ಹಿಮಾಲಯದಲ್ಲಿ ಮಾತ್ರ ಉಳಿಯಲ್ಲ, ಫಲಕದ ಒಳಗೂ ಹರಡುತ್ತೆ. ಎಲ್ಲೋ ಕಪ್ಪು ಕಲ್ಲಿನ ಕೆಳಗೆ ಹಳೆಯ ಬಿರುಕು ಇರುತ್ತೆ, ಯಾರ ಕಣ್ಣಿಗೂ ಕಾಣಲ್ಲ. ತಲೆಮಾರುಗಟ್ಟಲೆ ಸುಮ್ಮನಿರುತ್ತೆ. ಮೇಲೆ ಜೋಳ ಬೆಳೀತಿರುತ್ತೆ, ತೊಗರಿ ಬೆಳೀತಿರುತ್ತೆ. ಒಂದು ದಿನ ತಡ್ಕೊಳ್ಳೋಕಾಗದೆ ಜಾರುತ್ತೆ. ಕಿಲ್ಲಾರಿಯದ್ದು ಬಹಳ ಆಳದ್ದೂ ಅಲ್ಲ, ಮೇಲ್ಪದರಕ್ಕೆ ಹತ್ತಿರ. ಅದಕ್ಕೇ ಪೆಟ್ಟು ಜೋರಾಗಿ ಬಿತ್ತು. ಹಿಂದಿನ ವರ್ಷ, 1992ರ ಅಕ್ಟೋಬರ್‌ನಲ್ಲಿ, ಅದೇ ಊರಲ್ಲಿ ಸಣ್ಣ ಕಂಪನಗಳಾಗಿ ಕೆಲವು ಗೋಡೆ ಬಿರುಕು ಬಿಟ್ಟಿದ್ವು.

ಈಗ ಗೋಡೆ. ಆ ಸೀಮೆಯ ಮನೆ ನೋಡಿದವರಿಗೆ ಗೊತ್ತು, ನಮ್ಮ ಕಡೆ ಮಾಳಿಗಿ ಮನಿ ಅಂತೀವಿ. ಎರಡು ಅಡಿ, ಮೂರು ಅಡಿ ದಪ್ಪದ ಕಲ್ಲಿನ ಗೋಡೆ. ಮೇಲೆ ತೊಲೆ, ಹಲಗೆ, ಅದರ ಮೇಲೆ ದಪ್ಪಗೆ ಮಣ್ಣು. ಬೇಸಿಗೆಯಲ್ಲಿ ಎಷ್ಟು ತಂಪು ಅಂತೀರಿ! ಊರಲ್ಲಿ ಅಂಥ ಮನೆ ಇದ್ದವನು ಸ್ಥಿತಿವಂತ. ಹೊರಗಿನಿಂದ ನೋಡಿದ್ರೆ ಕೋಟೆ. ಆದರೆ ಆ ಗೋಡೆ ಕಟ್ಟೋದು ಹೇಗೆ ಗೊತ್ತಾ? ಹೊರಮುಖಕ್ಕೆ ಒಂದು ಸಾಲು ಕಲ್ಲು, ಒಳಮುಖಕ್ಕೆ ಒಂದು ಸಾಲು ಕಲ್ಲು, ನಡುವೆ ಚೂರುಕಲ್ಲು, ಮಣ್ಣು ತುಂಬೋದು. ಈ ಎರಡು ಸಾಲನ್ನು ಹಿಡಿದಿಡೋಕೆ ಅಲ್ಲಲ್ಲಿ ಒಂದೊಂದು ಉದ್ದ ಕಲ್ಲು ಬೇಕು, ಹೊರಮುಖದಿಂದ ಒಳಮುಖದ ತನಕ ಅಡ್ಡವಾಗಿ ದಾಟುವಂಥದ್ದು. ಬಿದ್ದ ಮನೆಗಳನ್ನು ಪರೀಕ್ಷೆ ಮಾಡಿದ ಇಂಜಿನಿಯರ್‌ಗಳು ಮತ್ತೆ ಮತ್ತೆ ಕಂಡದ್ದು ಇದನ್ನೇ, ಆ ಅಡ್ಡಕಲ್ಲು ಇರಲಿಲ್ಲ. ನೆಲ ಅಲುಗಿದಾಗ ಹೊರಮುಖ ಹೊರಗೆ ಬಿತ್ತು, ಒಳಮುಖ ಒಳಗೆ ಬಿತ್ತು, ಮೇಲಿನ ಮಣ್ಣು ಮಲಗಿದ್ದವರ ಮೇಲೆ ಬಿತ್ತು. ಅದೇ ಊರುಗಳಲ್ಲಿ ಹುಲ್ಲು ಹೊದಿಸಿದ ಹಗುರ ಗುಡಿಸಲುಗಳು ಹೆಚ್ಚಾಗಿ ತಡ್ಕೊಂಡವು. ಬಡವನ ಗುಡಿಸಲು ನಿಂತಿತು, ಸ್ಥಿತಿವಂತನ ಕಲ್ಲಿನ ಮನೆ ಕೂತಿತು. ಒಳಗೆ ಮಲಗಿದ್ದವನು ಯಾವ ದೇವರಿಗೆ ಕೈಮುಗಿದವನು ಅಂತ ಯಾವ ಗೋಡೆಯೂ ಕೇಳಲಿಲ್ಲ.

ಯುವಕರೇ, ಈಗ ನನ್ನ ಕಡೆ ನೋಡಿ. ಎರಡು ಮುಖದ ಗೋಡೆ, ನಡುವೆ ಅಡ್ಡಕಲ್ಲು ಇಲ್ಲ. ಇದನ್ನು ಓದಿದಾಗ ಪವಿತ್ರಾತ್ಮನು ನನ್ನ ಹತ್ತಿರ ನಮ್ಮ ಸಭೆಯ ಬಗ್ಗೆ ಮಾತಾಡಿದ. ನಮಗೆ ಭಾನುವಾರದ ಒಂದು ಮುಖ ಇದೆ. ಕೈ ಎತ್ತಿ ಸ್ತುತಿಸ್ತೀವಿ, ಅನ್ಯಭಾಷೆಯಲ್ಲಿ ಪ್ರಾರ್ಥಿಸ್ತೀವಿ, ಕಣ್ಣೀರು ಬರುತ್ತೆ, ಅದು ಸುಳ್ಳು ಅಂತ ನಾನು ಹೇಳ್ತಿಲ್ಲ. ಸೋಮವಾರದ ಇನ್ನೊಂದು ಮುಖ ಇದೆ. ಆಫೀಸ್, ಪಿಜಿ ರೂಮು, ರಾತ್ರಿ ಹನ್ನೆರಡರ ಮೇಲಿನ ಫೋನು, ಊರಲ್ಲಿರೋ ಅಪ್ಪನಿಗೆ ಹೇಳೋ ಸಂಬಳದ ಲೆಕ್ಕ. ಎರಡೂ ಹತ್ತಿರ ಹತ್ತಿರವೇ ನಿಂತಿವೆ. ನೋಡಿದವರಿಗೆ ಒಂದೇ ಗೋಡೆ, ದಪ್ಪ ಗೋಡೆ. ಆದರೆ ಈ ಮುಖದಿಂದ ಆ ಮುಖಕ್ಕೆ ದಾಟುವ ಒಂದು ಕಲ್ಲೂ ಇಲ್ಲ. ಭಾನುವಾರ ಕೇಳಿದ ಯಾವ ವಾಕ್ಯವೂ ಸೋಮವಾರದ ಒಂದು ನಿರ್ಧಾರದೊಳಗೆ ಹೋಗಿ ಕೂತಿಲ್ಲ. ನೆಲ ಶಾಂತವಾಗಿರೋ ತನಕ ಇದು ನಿಲ್ಲುತ್ತೆ. ಕೆಲಸ ಹೋದಾಗ, ನಿಶ್ಚಯವಾದ ಮದುವೆ ಮುರಿದಾಗ, ಸ್ಕ್ಯಾನ್ ರಿಪೋರ್ಟ್ ಬಂದಾಗ ಏನಾಗುತ್ತೆ? ನನ್ನ ವಯಸ್ಸಿನ ಎಷ್ಟೋ ಜನ ಒಳ್ಳೆ ಹಾಡುಗಾರರು, ಒಳ್ಳೆ ಪ್ರಾರ್ಥನಾವೀರರು ಒಂದೇ ರಾತ್ರಿಯಲ್ಲಿ ಎರಡು ಕಡೆಗೂ ಬಿದ್ದದ್ದನ್ನು ನಾನು ನೋಡಿದ್ದೀನಿ.

ಮತ್ತಾಯ 7ರಲ್ಲಿ ಬಂಡೆಯ ಮೇಲೆ ಮನೆ ಕಟ್ಟಿದವನ ಕಥೆ ಎಲ್ಲರಿಗೂ ಗೊತ್ತು, ಸಂಡೇ ಸ್ಕೂಲಲ್ಲಿ ಆಕ್ಷನ್ ಮಾಡಿ ಹಾಡಿದ್ದೀವಿ. ಆದರೆ ಬಂಡೆ ಅಂದ್ರೆ ಏನು ಅಂತ ಅಲ್ಲಿ ಯೇಸು ಹೇಳಿದ್ದನ್ನು ಗಮನಿಸಿ. ಕೇಳೋದು ಇಬ್ಬರೂ ಕೇಳಿದ್ರು. ಕೇಳಿದ್ದನ್ನು ಮಾಡಿದವನು ಒಬ್ಬನೇ. ಆ 'ಮಾಡೋದು' ಇದೆಯಲ್ಲ, ಅದೇ ಅಡ್ಡಕಲ್ಲು.

ಕಿಲ್ಲಾರಿ ಆದ ಮೇಲೆ ಬಿದ್ದ ಮನೆಗಳ ಜೊತೆಗೆ ನಿಂತಿದ್ದ ಮನೆಗಳ ಬಗ್ಗೆಯೂ ಯೋಚನೆ ಮಾಡಿದ್ರು. ಅದೇ ಥರದ ಗೋಡೆಗಳು ಸುತ್ತಮುತ್ತ ಲಕ್ಷಗಟ್ಟಲೆ ಇದ್ವಲ್ಲ. ಅವನ್ನೆಲ್ಲ ಕೆಡವೋಕಾಗಲ್ಲ. ಹಾಗಾಗಿ ಒಂದು ವಿಧಾನ ಹೇಳಿಕೊಟ್ಟರು. ನಿಂತ ಗೋಡೆಯಲ್ಲೇ ಅಲ್ಲಲ್ಲಿ ಕಲ್ಲು ಬಿಡಿಸಿ, ಈ ಮುಖದಿಂದ ಆ ಮುಖಕ್ಕೆ ತೂತು ಮಾಡಿ, ಕಬ್ಬಿಣದ ಸರಳು ಇಟ್ಟು ಕಾಂಕ್ರೀಟ್ ತುಂಬೋದು. ಗಲೀಜು ಕೆಲಸ, ಧೂಳು ಬೀಳುತ್ತೆ, ಗೋಡೆಯ ಅಂದ ಕೆಡುತ್ತೆ. ಆದರೆ ಮನೆ ಕೆಡವಬೇಕಾಗಿಲ್ಲ. ಮಾನಸಾಂತರ ಅಂದ್ರೆ ನನಗೆ ಈಗ ಆ ಚಿತ್ರವೇ ಕಣ್ಣಿಗೆ ಬರೋದು. ಆಮೆನ್ ಹೇಳೋರು ಹೇಳಬಹುದು.

(ಸಭೆ: ಆಮೆನ್.)

ಈ ಮಾತನ್ನು ಬರೀ ಆತ್ಮಿಕ ಅಂತ ಬಿಟ್ಟುಬಿಟ್ರೆ ತಪ್ಪಾಗುತ್ತೆ. ಧರ್ಮೋಪದೇಶಕಾಂಡ 22:8 ತೆಗೀರಿ. ಯಾರಾದ್ರೂ ಈ ವಚನಕ್ಕೆ ಸ್ಟೇಟಸ್ ಇಟ್ಟಿದ್ದೀರಾ? ಇಲ್ಲ. ಹೊಸ ಮನೆ ಕಟ್ಟಿದ್ರೆ ಮಾಳಿಗೆಗೆ ಸುತ್ತ ಗೋಡೆ ಕಟ್ಟಿಸು, ಇಲ್ಲವಾದ್ರೆ ಯಾರಾದ್ರೂ ಬಿದ್ದು ಸತ್ತರೆ ಆ ರಕ್ತಾಪರಾಧ ನಿನ್ನ ಮನೆಯ ಮೇಲೆ ಅಂತ ಅಲ್ಲಿದೆ. ಸೀನಾಯಿಯ ದೇವರು, ಬೆಂಕಿ ಹೊಗೆಯಲ್ಲಿ ಇಳಿದ ದೇವರು, ಪ್ಯಾರಾಪೆಟ್ ಗೋಡೆಯ ಬಗ್ಗೆ ಮಾತಾಡ್ತಾನೆ! ಬಿದ್ದವನ ಪಾಪ ಏನು ಅಂತ ಅಲ್ಲಿ ಕೇಳಲ್ಲ. ಕಟ್ಟಿದವನ ಹೊಣೆ ಏನು ಅಂತ ಕೇಳ್ತಾನೆ. ಲೂಕ 13ರ ಜೊತೆ ಇಟ್ಟು ಓದಿ, ಒಂದೇ ಮನಸ್ಸು.

ನಮ್ಮಲ್ಲಿ ಸಿವಿಲ್ ಇಂಜಿನಿಯರ್‌ಗಳಿದ್ದೀರಿ, ಆರ್ಕಿಟೆಕ್ಟ್ ಇದ್ದೀರಿ, ಸೈಟ್‌ನಲ್ಲಿ ಸೂಪರ್‌ವೈಸರ್ ಆಗಿರೋರು ಇದ್ದೀರಿ. ಒಬ್ಬ ತಮ್ಮ ಈ ವರ್ಷ ನನ್ನ ಹತ್ತಿರ ಬಂದು ಕೂತ. ಕಾಲಂಗೆ ಹಾಕೋ ರಿಂಗ್‌ನ ಕೊಕ್ಕೆಯನ್ನು ಒಳಕ್ಕೆ 135 ಡಿಗ್ರಿ ಬಗ್ಗಿಸಬೇಕು, ಆಗಲೇ ಕಂಪನ ಬಂದಾಗ ರಿಂಗ್ ಬಿಚ್ಚಿಕೊಳ್ಳದೆ ಒಳಗಿನ ಕಾಂಕ್ರೀಟನ್ನು ಹಿಡಿದಿಡುತ್ತೆ. ಕೆಲಸ ಬೇಗ ಆಗ್ಲಿ ಅಂತ 90 ಡಿಗ್ರಿಗೇ ಬಿಡ್ತಾರೆ, 'ಇಲ್ಲಿ ಯಾವ ಭೂಕಂಪ ಬರುತ್ತೆ, ಸಹಿ ಹಾಕು' ಅಂತಾರೆ, ಏನು ಮಾಡ್ಲಿ ಪಾಸ್ಟರ್ ಅಂದ. ನನಗೆ ರಿಂಗ್ ಬಗ್ಗೆ ಗೊತ್ತಿರಲಿಲ್ಲ, ಅವನೇ ಪೇಪರ್ ಮೇಲೆ ಬರೆದು ತೋರಿಸಿದ. ಸಹಿ ಬಗ್ಗೆ ನನಗೆ ಗೊತ್ತಿತ್ತು. ಹಾಕಬೇಡ ಅಂದೆ. ಸುಲಭವಾಗಿ ಹೇಳಿದ ಮಾತಲ್ಲ ಅದು, ಅವನ ಮನೆ ಇಎಂಐ ನನಗೆ ಗೊತ್ತು. ಇಬ್ಬರೂ ಸೇರಿ ಪ್ರಾರ್ಥನೆ ಮಾಡಿದ್ವಿ. ಅವನು ಹಾಕಲಿಲ್ಲ. ಆ ಕೆಲಸ ಬಿಡಬೇಕಾಯ್ತು, ಮೂರು ತಿಂಗಳು ಕಷ್ಟಪಟ್ಟ. ನೀವು ಸಾಕ್ಷಿ ಅಂದ್ರೆ ಪ್ರಮೋಷನ್ ಸಿಕ್ಕಿದ ಕಥೆ ಕೇಳೋಕೆ ಕಾಯ್ತೀರಿ. ನಾನು ಇದನ್ನೂ ಸಾಕ್ಷಿ ಅಂತಲೇ ಹೇಳ್ತಿದ್ದೀನಿ.

'ಇಲ್ಲಿ ಯಾವ ಭೂಕಂಪ ಬರುತ್ತೆ' ಅನ್ನೋ ಮಾತಿದೆಯಲ್ಲ, ಅದು ಕಿಲ್ಲಾರಿಯ ಮಾತು. 2002ರಲ್ಲಿ ನಕ್ಷೆ ಬದಲಾಯಿಸಿದಾಗ ವಲಯ 1 ಅನ್ನೋದನ್ನೇ ತೆಗೆದುಬಿಟ್ಟರು. ಆ ನಕ್ಷೆಯಲ್ಲಿ ಬೆಂಗಳೂರು ವಲಯ 2, ಕಡಿಮೆ ಅಪಾಯ. ದೇವರಿಗೆ ಸ್ತೋತ್ರ. ಆದರೆ ಕಡಿಮೆ ಅಂದ್ರೆ ಇಲ್ಲ ಅಂತ ಅಲ್ಲ. 2001ರ ಜನವರಿ 26, ಭುಜ್ ಭೂಕಂಪ. ಅದರ ಕೇಂದ್ರದಿಂದ 200 ಕಿಲೋಮೀಟರಿಗಿಂತ ದೂರ ಇದ್ದ ಅಹಮದಾಬಾದ್‌ನಲ್ಲಿ ಅಪಾರ್ಟ್‌ಮೆಂಟ್‌ಗಳು ಬಿದ್ದವು. ಬಹಳಷ್ಟು ಕಟ್ಟಡಗಳಲ್ಲಿ ಕೆಳಗೆ ಕಾರ್ ಪಾರ್ಕಿಂಗ್‌ಗೆ ಅಂತ ಗೋಡೆ ಇಲ್ಲದೆ ಬರೀ ಕಂಬ ಬಿಟ್ಟಿದ್ರು, ಮೇಲೆ ನಾಲ್ಕೈದು ಮಹಡಿ. ನೀವಿರೋ ಪಿಜಿಯ ಕೆಳಗೆ ಏನಿದೆ? ಗಾಬರಿ ಮಾಡೋಕೆ ಹೇಳ್ತಿಲ್ಲ. ಕಂಬಗಳನ್ನು ಸರಿಯಾಗಿ ಲೆಕ್ಕ ಹಾಕಿ ಕಟ್ಟಿದ್ರೆ ಅಂಥ ಕಟ್ಟಡವೂ ನಿಲ್ಲುತ್ತೆ. ಫ್ಲ್ಯಾಟ್ ಬುಕ್ ಮಾಡೋವಾಗ ಕ್ಲಬ್ ಹೌಸ್ ಕೇಳ್ತೀರಿ, ಸ್ವಿಮ್ಮಿಂಗ್ ಪೂಲ್ ಕೇಳ್ತೀರಿ. ಸ್ಟ್ರಕ್ಚರಲ್ ಡ್ರಾಯಿಂಗ್ ಯಾರು ಮಾಡಿದ್ರು ಅಂತಲೂ ಕೇಳಿ. ನೆಲ ಅಲುಗಿದ್ರೆ ಲಿಫ್ಟ್ ಕಡೆ ಓಡಬೇಡಿ, ಗಟ್ಟಿ ಟೇಬಲ್ ಕೆಳಗೆ ಕೂತು ತಲೆ ಮುಚ್ಚಿಕೊಂಡು ಅದರ ಕಾಲು ಹಿಡ್ಕೊಳ್ಳಿ. ಇದನ್ನು ಪುಲ್ಪಿಟ್‌ನಿಂದ ಹೇಳೋದಾ ಅಂತ ನಗಬೇಡಿ, ಮೋಶೆ ಹೇಳಿದ್ದಾನೆ, ನಾನೂ ಹೇಳ್ತೀನಿ.

ಅಂತ್ಯಕಾಲದ ಬಗ್ಗೆ ಒಂದೇ ಮಾತು, ಯಾಕಂದ್ರೆ ಹೊರಗೆ ಹೋದ ತಕ್ಷಣ ಕೇಳ್ತೀರಿ. ಮತ್ತಾಯ 24ರಲ್ಲಿ ಭೂಕಂಪಗಳಾಗುತ್ತವೆ ಅಂತ ಕರ್ತನೇ ಹೇಳಿದ್ದಾನೆ, ನಾವು ನಂಬ್ತೀವಿ. ಆದರೆ ಅದೇ ಉಸಿರಲ್ಲಿ ಕಳವಳ ಪಡಬೇಡಿ, ಇದು ಪ್ರಸವವೇದನೆಯ ಶುರು ಅಷ್ಟೇ ಅಂತಲೂ ಹೇಳಿದ್ದಾನೆ. ಬೇನೆ ಬಂದಾಗ ಮನೆಯವರು ಕ್ಯಾಲೆಂಡರ್ ಹಿಡ್ಕೊಂಡು ಕೂರಲ್ಲ. ಹೆರುವವಳ ಕೈ ಹಿಡ್ಕೋತಾರೆ.

ಕೊನೆಯದಾಗಿ ಫಿಲಿಪ್ಪಿಗೆ ಹೋಗೋಣ, ಅಪೊಸ್ತಲರ ಕೃತ್ಯಗಳು 16. ನಮ್ಮ ಪೆಂತೆಕೋಸ್ತ್ ಸಭೆಗಳಲ್ಲಿ ಇದನ್ನು ಎಷ್ಟು ಸಲ ಪ್ರಸಂಗ ಮಾಡಿದ್ದೀವಿ! ಮಧ್ಯರಾತ್ರಿ, ಪೌಲ ಸೀಲರು ಹಾಡಿದರು, ಭೂಕಂಪ ಆಯ್ತು, ಬೇಡಿ ಕಳಚಿತು, ಹಲ್ಲೆಲೂಯಾ. ಅಲ್ಲಿಗೇ ನಿಲ್ಲಿಸಿ ಡ್ರಮ್ಸ್ ಬಾರಿಸ್ತೀವಿ. ಮುಂದಿನ ವಚನ ಓದಿ. ಸೆರೆಮನೆಯ ಯಜಮಾನ ಎದ್ದ, ಬಾಗಿಲು ತೆರೆದಿದ್ದನ್ನು ನೋಡಿದ, ಕತ್ತಿ ಹಿರಿದ, ತನ್ನನ್ನೇ ಕೊಂದುಕೊಳ್ಳೋಕೆ. ಇವನು ಯಾರು? ಕೆಲವೇ ಗಂಟೆ ಹಿಂದೆ, ಹೊಡೆತ ತಿಂದು ಬಂದ ಪೌಲನ ಕಾಲಿಗೆ ಕೋಳ ಹಾಕಿದವನು. ಜೀವವುಳ್ಳ ದೇವರನ್ನು ಅರಿಯದವನು. ಪೌಲ 'ನೋಡು, ದೇವರ ತೀರ್ಪು ನಿನ್ನ ಮೇಲೆ ಬಂತು' ಅನ್ನಬಹುದಿತ್ತು. ಬಾಗಿಲು ತೆರೆದಿತ್ತು, ಹೋಗಬಹುದಿತ್ತು. ಭೂಕಂಪ ಆದ ಮೇಲೆ ಪೌಲನ ಬಾಯಿಂದ ಬಂದ ಮೊದಲ ಮಾತು ಏನು? ನಿನಗೆ ನೀನು ಏನೂ ಮಾಡಿಕೊಳ್ಳಬೇಡ, ನಾವೆಲ್ಲರೂ ಇಲ್ಲೇ ಇದ್ದೀವಿ. ಆಮೇಲೆ ಆ ಯಜಮಾನನೇ ದೀಪ ತರಿಸಿಕೊಂಡು ನಡುಗುತ್ತಾ ಬಂದು, ನಾನು ರಕ್ಷಣೆ ಹೊಂದಬೇಕಾದರೆ ಏನು ಮಾಡಬೇಕು ಅಂತ ಕೇಳಿದ. ಸುವಾರ್ತೆಗೆ ಬಾಗಿಲು ಯಾವ ಮಾತಿಂದ ತೆರೀತು ನೋಡಿ. ಅದೇ ರಾತ್ರಿ ಅವನು ಪೌಲನ ಗಾಯ ತೊಳೆದ, ಮನೆಯವರೆಲ್ಲ ದೀಕ್ಷಾಸ್ನಾನ ಮಾಡಿಸಿಕೊಂಡರು, ಊಟಕ್ಕೂ ಇಟ್ಟ.

ಎದ್ದು ನಿಲ್ಲೋಣ. ಕೀಬೋರ್ಡ್ ಸಣ್ಣಗೆ ನುಡಿಸಿ, ಸಾಕು.

ಈ ವಾರ ಸೆಪ್ಟೆಂಬರ್ 30 ಬರುತ್ತೆ. ಆ ಹಳ್ಳಿಗಳಲ್ಲಿ ಅವತ್ತು ಮನೆಮನೆಯಲ್ಲಿ ನೆನಪು ಮಾಡ್ಕೋತಾರೆ. ಮೊದಲು ಅವರಿಗಾಗಿ ಪ್ರಾರ್ಥಿಸೋಣ. ಆಮೇಲೆ, ಯಾರ ಜೀವನದಲ್ಲಿ ಎರಡು ಮುಖದ ನಡುವೆ ಕಲ್ಲು ಇಲ್ಲವೋ, ಯಾರ ಕೈಯಲ್ಲಿ ಹಾಕಬಾರದ ಒಂದು ಸಹಿ ಕಾಯ್ತಾ ಇದೆಯೋ, ಅವರು ಕೂತಲ್ಲೇ ಕೈ ಎತ್ತಿ. ಮುಂದೆ ಬರೋದು ಬೇಡ, ಕ್ಯಾಮೆರಾ ಆಫ್ ಮಾಡಿಸಿದ್ದೀನಿ.

ತಂದೆಯೇ, ಕಿಲ್ಲಾರಿಯಲ್ಲಿ, ಸಾಸ್ತೂರಿನಲ್ಲಿ, ಹೆಸರು ಗೊತ್ತಿಲ್ಲದ ಆ ಎಲ್ಲ ಹಳ್ಳಿಗಳಲ್ಲಿ ಮಕ್ಕಳನ್ನು ಕಳೆದುಕೊಂಡು ಈಗ ಮುದುಕರಾದ ತಾಯಂದಿರನ್ನು ನೀನು ಬಲ್ಲೆ. ಅವರ ರಾತ್ರಿಗಳನ್ನು ನೀನು ಬಲ್ಲೆ. ಅವರ ಹತ್ತಿರ ಇರು ಕರ್ತನೇ. ನಮ್ಮ ಬಾಯಿಗೆ ಕಾವಲಿಡು. ಕೈ ಎತ್ತಿರೋ ಈ ತಮ್ಮ ತಂಗಿಯರ ಗೋಡೆಯಲ್ಲಿ ನೀನೇ ಕೆಲಸ ಶುರುಮಾಡು, ಧೂಳು ಬಿದ್ದರೂ ಓಡಿಹೋಗದ ಹಾಗೆ ಬಲ ಕೊಡು. ನಾಳೆ ಬೆಳಿಗ್ಗೆ ಸೈಟಿಗೆ ಹೋಗೋ ಮಗನಿಗೆ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಕೂತ್ಕೊಳ್ಳಿ. ಎರಡು ಪ್ರಕಟಣೆ. ಬುಧವಾರ ಉಪವಾಸ ಪ್ರಾರ್ಥನೆ ಎಂದಿನಂತೆ ಸಂಜೆ ಏಳಕ್ಕೆ. ಸಿವಿಲ್ ಓದಿರೋ ತಮ್ಮಂದಿರು ನಾಲ್ಕೈದು ಜನ ಸಭೆ ಆದ ಮೇಲೆ ಉಳ್ಕೊಳ್ಳಿ, ಈ ಹಾಲ್‌ನ ಮೇಲಿರೋ ನೀರಿನ ಟ್ಯಾಂಕ್, ಅದರ ಕಂಬ ಒಂದು ಸಲ ನೋಡಿ ಹೇಳಬೇಕು. ಸೌಂಡ್ ಟೀಮ್‌ನವರು ಪಕ್ಕದ ಬಾಗಿಲ ಮುಂದಿರೋ ಸ್ಪೀಕರ್ ಬಾಕ್ಸ್ ಸರಿಸಿ, ಆ ಬಾಗಿಲು ಇವತ್ತಿಂದ ಖಾಲಿ ಇರಬೇಕು. ಊಟಕ್ಕೆ ಬಿಸಿಬೇಳೆಬಾತ್ ಇದೆ, ಯಾರೂ ಹಾಗೇ ಹೋಗಬೇಡಿ.